ಸಂಶೋಧನೆಯಲ್ಲಿ ಊರಿನ ಪಾಲು



ಈ ಮಾತನ್ನು ನೀವು ಎಫ್‌ಎಂನಲ್ಲಿ ಕೇಳುತ್ತಿದ್ದರೆ, ನಿಮ್ಮ ರೇಡಿಯೊದ ಮುಳ್ಳು 88ರಿಂದ 108 ಮೆಗಾಹರ್ಟ್ಸ್ ನಡುವೆ ಎಲ್ಲೋ ನಿಂತಿರುತ್ತದೆ. ಅದೇ ಜಾಗದಲ್ಲಿ, ಅದರ ಆಚೀಚೆ, ಇನ್ನೊಂದು ದನಿಗಾಗಿ ಕಿವಿಗೊಟ್ಟು ಕೂತವರೂ ಇದ್ದಾರೆ. ಬ್ರಹ್ಮಾಂಡದಲ್ಲಿ ಮೊಟ್ಟಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಹೈಡ್ರೋಜನ್ ಅನಿಲದಿಂದ ಹೊರಟ ಅಲೆ ಅದು. ಹೊರಟಾಗ ಅದರ ಕಂಪನ 1420 ಮೆಗಾಹರ್ಟ್ಸ್. ವಿಶ್ವ ಹಿಗ್ಗುತ್ತ ಬಂದಂತೆ ಅಲೆಯೂ ಹಿಗ್ಗಿತು. ನಮ್ಮನ್ನು ಮುಟ್ಟುವ ಹೊತ್ತಿಗೆ ಕಂಪನ 40ರಿಂದ 200 ಮೆಗಾಹರ್ಟ್ಸ್‌ಗೆ ಇಳಿದಿದೆ. ಎಫ್‌ಎಂ ಪ್ರಸಾರವೆಲ್ಲ ಈ ವ್ಯಾಪ್ತಿಯ ಒಳಗೇ ಬರುತ್ತದೆ. ಹಾಗಾಗಿ ನನ್ನ ಈ ಭಾಷಣ ಆ ವಿಜ್ಞಾನಿಗಳ ಪಾಲಿಗೆ ಬರೀ ಗದ್ದಲ. ನನ್ನ ಮನೆಯವರೂ ಇದನ್ನು ಒಪ್ಪುತ್ತಾರೆ, ಆ ಮಾತು ಬೇರೆ.

ಈ ಅಲೆಗಾಗಿ ಹುಡುಕುತ್ತಿರುವವರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಇದ್ದಾರೆ. ಅವರ ಉಪಕರಣದ ಹೆಸರು ಸರಸ್. 2020ರಲ್ಲಿ ಅವರು ಅದನ್ನು ನೆಲದ ಮೇಲೆ ಇಡುವುದು ಬಿಟ್ಟು ನೀರಿನ ಮೇಲೆ ತೇಲಿಸಿದರು. ನೆಲ ಪದರಪದರವಾಗಿರುತ್ತದೆ, ಒಂದೊಂದು ಪದರವೂ ಅಲೆಯನ್ನು ಒಂದೊಂದು ಬಗೆಯಲ್ಲಿ ಹಿಂದಕ್ಕೆ ಕಳಿಸಿ ಅಳತೆ ಕೆಡಿಸುತ್ತದೆ. ನೀರು ಆಳದವರೆಗೂ ಒಂದೇ ಸಮ. ತೇಲಿಸಿದ್ದು ಎರಡು ಕಡೆ. ಒಂದು, ಶರಾವತಿಯ ಹಿನ್ನೀರು. ಇನ್ನೊಂದು, ದಂಡಿಗಾನಹಳ್ಳಿ ಕೆರೆ. ಈ ಎರಡನೆಯದು 2007ರವರೆಗೆ ನಮ್ಮ ಕೋಲಾರ ಜಿಲ್ಲೆಯದೇ ಆಗಿದ್ದ, ಈಗ ಚಿಕ್ಕಬಳ್ಳಾಪುರಕ್ಕೆ ಸೇರಿದ ಸೀಮೆಯಲ್ಲಿದೆ. ಅಮೆರಿಕದ ತಂಡವೊಂದು 2018ರಲ್ಲಿ ಆ ಅಲೆ ಸಿಕ್ಕಿತೆಂದು ಸಾರಿತ್ತು. ನೀರಿನ ಮೇಲೆ ತೇಲಿದ ಸರಸ್ ಅದನ್ನು ಅಲ್ಲಗಳೆಯಿತು. ಫಲಿತಾಂಶ 2022ರಲ್ಲಿ ಪ್ರಕಟವಾಯಿತು.

ಮರುವರ್ಷ, 2023ರ ಡಿಸೆಂಬರ್ 18ರಂದು, ಭಾರತದ ಮೊದಲ ಚಳಿಗಾಲದ ಆರ್ಕ್ಟಿಕ್ ಯಾತ್ರೆಗೆ ದೆಹಲಿಯಲ್ಲಿ ಚಾಲನೆ ಸಿಕ್ಕಿತು. ನಾಲ್ಕು ಸಂಸ್ಥೆಗಳು ಹೊರಟವು. ರಾಮನ್ ಸಂಸ್ಥೆ ಅವುಗಳಲ್ಲಿ ಒಂದು. ಹೋದದ್ದು ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳಲ್ಲಿರುವ ನ್ಯೂ ಓಲೆಸುಂಡ್ ಎಂಬ ಊರಿಗೆ. ಭಾರತದ ಹಿಮಾದ್ರಿ ಕೇಂದ್ರ ಅಲ್ಲಿ 2008ರ ಜುಲೈಯಿಂದ ಇದೆ. ಕೋಲಾರದ ನಮ್ಮ ಸುಗಟೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದರೆ ಹಿಮಾದ್ರಿ 79 ಡಿಗ್ರಿಯಲ್ಲಿ. ಅಲ್ಲಿಂದ ಧ್ರುವಕ್ಕೆ ಸುಮಾರು 1,200 ಕಿಲೋಮೀಟರ್ ಅಷ್ಟೇ. ಸೂರ್ಯನೇ ಹುಟ್ಟದ ಆ ತಿಂಗಳುಗಳಲ್ಲಿ ರಾಮನ್ ಸಂಸ್ಥೆಯವರು ಅಳೆದದ್ದು ನಿಶ್ಶಬ್ದವನ್ನು. ಅಲ್ಲಿ ರೇಡಿಯೊ ಗದ್ದಲ ಎಷ್ಟಿದೆ, ಆ ಹಳೆಯ ಅಲೆಯನ್ನು ಕೇಳಲು ಜಾಗ ತಕ್ಕದ್ದೇ ಎಂದು ನೋಡುವ ಕೆಲಸ. ಆ ಊರಿನಲ್ಲಿ ವೈಫೈ ಬಳಸುವಂತಿಲ್ಲ.

ಸುಗಟೂರಿನವರಿಗೆ ಇದರಿಂದ ಏನು? ಸಾರ್ವಜನಿಕ ಹಣದ ವಿಷಯದಲ್ಲಿ ಯಾರಾದರೂ ಕೇಳಲೇಬೇಕಾದ ಪ್ರಶ್ನೆ ಇದು. ಇದಕ್ಕೆ ಸರ್ಕಾರ ಸಾಮಾನ್ಯವಾಗಿ ಕೊಡುವ ಉತ್ತರ ಮಳೆ. ಅದು ಸುಳ್ಳಲ್ಲ. ಗೋವಾದಲ್ಲಿರುವ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2021ರಲ್ಲಿ ಒಂದು ಲೇಖನ ಪ್ರಕಟಿಸಿದರು. ರಷ್ಯಾದ ಉತ್ತರಕ್ಕಿರುವ ಕಾರಾ ಸಮುದ್ರದಲ್ಲಿ ಬೇಸಗೆಯ ಮಂಜುಗಡ್ಡೆ ಕಡಿಮೆಯಾಗುವುದಕ್ಕೂ, ಮುಂಗಾರಿನ ಕೊನೆಯಲ್ಲಿ ಮಧ್ಯ ಭಾರತದ ಮೇಲೆ ಮಳೆ ಹುಚ್ಚಾಬಟ್ಟೆ ಸುರಿಯುವುದಕ್ಕೂ ನಂಟಿರಬಹುದು ಎಂದು ಅದರಲ್ಲಿ ತೋರಿಸಿದರು. ಮಧ್ಯ ಭಾರತ ಕೋಲಾರವಲ್ಲ, ನಿಜ. 2021ರ ನವೆಂಬರಿನಲ್ಲಿ ನಮ್ಮಲ್ಲಿ ಕುಯ್ಲಿಗೆ ಬಂದ ರಾಗಿ ತೆನೆಯಲ್ಲೇ ಮೊಳಕೆಯೊಡೆದದ್ದಕ್ಕೆ ಕಾರಾ ಸಮುದ್ರವನ್ನು ದೂರುವುದಕ್ಕೆ ನನ್ನಲ್ಲಿ ಆಧಾರವಿಲ್ಲ. ಆದರೆ ಹೊಲದ ಮೇಲಿನ ಮೋಡಕ್ಕೂ ದೂರದ ಹಿಮಕ್ಕೂ ನಡುವೆ ಯಾವ ದಾರಿಯಿದೆ ಎಂದು ಹುಡುಕುವುದು ದಂಡದ ಕೆಲಸವಲ್ಲ. ಆ ಕೆಲಸಕ್ಕೆ ಹೋಗುವ ಹಣದ ಬಗ್ಗೆ ನನಗೆ ತಕರಾರಿಲ್ಲ.

ನನ್ನ ತಕರಾರು ಬೇರೆ. ಸಂಶೋಧನೆಯ ಹಣ ಒಂದು ಜಾಗಕ್ಕೆ ಬಂದಾಗ ಆ ಜಾಗದಲ್ಲಿ ಬಾಳುವವರಿಗೆ ಅದರಲ್ಲಿ ಏನು ಪಾಲು? ಪಾಲು ಎಂದರೆ ನಾನು ಕೂಲಿಯನ್ನಷ್ಟೇ ಹೇಳುತ್ತಿಲ್ಲ. ಪ್ರಶ್ನೆ ಎತ್ತುವುದರಲ್ಲಿ, ಬಂದ ಉತ್ತರವನ್ನು ಇಟ್ಟುಕೊಳ್ಳುವುದರಲ್ಲಿ ಏನು ಪಾಲು? ಈ ಮಾತನ್ನು ಆರ್ಕ್ಟಿಕ್‌ನ ಜನ ಕಳೆದ ಐವತ್ತು ವರ್ಷಗಳಿಂದ ಕಟ್ಟುನಿಟ್ಟಾಗಿ ಕೇಳುತ್ತಿದ್ದಾರೆ. ಕೋಲಾರದವರು ಇನ್ನೂ ಸರಿಯಾಗಿ ಕೇಳಿಲ್ಲ. ಕೇಳುವುದಕ್ಕೆ ನಮಗೆ ಅವರಷ್ಟೇ ಕಾರಣವಿದೆ.

ಮೊದಲು ನ್ಯೂ ಓಲೆಸುಂಡ್ ಊರನ್ನೇ ನೋಡೋಣ. ಅದು ಹುಟ್ಟಿದ್ದು ಕಲ್ಲಿದ್ದಲಿನ ಗಣಿಯಾಗಿ. 1962ರ ನವೆಂಬರ್ 5ರಂದು ಗಣಿಯೊಳಗೆ ಸ್ಫೋಟವಾಗಿ 21 ಮಂದಿ ಸತ್ತರು. ಗಣಿಯ ಒಡೆತನ ಸರ್ಕಾರದ್ದು. ಸುರಕ್ಷತೆಯ ಲೋಪದ ಗಲಾಟೆ ಎಷ್ಟು ಬೆಳೆಯಿತೆಂದರೆ ಮರುವರ್ಷ ನಾರ್ವೆಯ ಸರ್ಕಾರವೇ ಬಿದ್ದುಹೋಯಿತು. ಗಣಿ ಮುಚ್ಚಿದರು. ಊರನ್ನು ಮಾತ್ರ ಮುಚ್ಚಲಿಲ್ಲ, ಸಂಶೋಧನೆಗೆ ಬಿಟ್ಟುಕೊಟ್ಟರು. ಕಲ್ಲಿದ್ದಲು ತೆಗೆಯುತ್ತಿದ್ದ ಅದೇ ಸರ್ಕಾರಿ ಕಂಪನಿ ಇವತ್ತು ಬೇರೆಬೇರೆ ದೇಶಗಳ ವಿಜ್ಞಾನಿಗಳಿಗೆ ಅಲ್ಲಿ ಊಟ, ವಸತಿ, ವಿದ್ಯುತ್ತು ಒದಗಿಸುತ್ತದೆ. 2016ರಲ್ಲಿ ಭಾರತ ಅಲ್ಲಿ ಒಂದು ವಾಯುಮಂಡಲ ಪ್ರಯೋಗಾಲಯ ತೆರೆಯಿತು. ಅದಿರುವ ಜಾಗ ಗ್ರೂವೆಬಾಡೆಟ್, ಹಿಂದೆ ಗಣಿ ಕೆಲಸಗಾರರು ಪಾಳಿ ಮುಗಿಸಿ ಬಂದು ಮೈತೊಳೆಯುತ್ತಿದ್ದ ಸ್ನಾನದ ಮನೆ.

ಗಣಿ, ಪಾಳಿ, ವಿಜ್ಞಾನ ಎಂದಾಗ ಕೋಲಾರದವರ ಕಿವಿ ತಾನೇ ನಿಮಿರಬೇಕು. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಅವರು ಹೋಮಿ ಭಾಭಾ ಅವರ ಮಾತಿನ ಮೇಲೆ 1950ರ ದಶಕದ ಆರಂಭದಲ್ಲಿ ಕೋಲಾರದ ಚಿನ್ನದ ಗಣಿ ಕೆಜಿಎಫ್‌ಗೆ ಇಳಿದರು. ಆಕಾಶದಿಂದ ಬೀಳುವ ಕಣಗಳು ಕಲ್ಲಿನೊಳಗೆ ಎಷ್ಟು ಆಳದವರೆಗೆ ಹೋಗುತ್ತವೆ ಎಂದು ಅಳೆಯುವುದು ಅವರ ಉದ್ದೇಶ. ಇಳಿದಷ್ಟೂ ಕಣಗಳ ಎಣಿಕೆ ತಗ್ಗುತ್ತಾ ಹೋಯಿತು. ಮಿಕ್ಕೆಲ್ಲ ಕಣಗಳ ಸದ್ದಡಗುವ ಆಳದಲ್ಲಿ ನ್ಯೂಟ್ರಿನೊ ಎಂಬ, ಯಾವುದನ್ನೂ ತೂರಿಹೋಗುವ ಕಣವನ್ನು ಹಿಡಿಯಬಹುದೆಂಬ ಧೈರ್ಯ ಹಾಗೆ ಬಂತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರಂ ವಿಶ್ವವಿದ್ಯಾಲಯ ಸೇರಿ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಕೆಳಗೆ ಉಪಕರಣಗಳನ್ನು ಇಟ್ಟವು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊದ ಗುರುತು ಸಿಕ್ಕಿತೆಂಬ ಸುದ್ದಿ 1965ರ ಆಗಸ್ಟಿನಲ್ಲಿ ಅಚ್ಚಾಯಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲೂ ಅದೇ ಹೊತ್ತಿಗೆ ಅದೇ ಹುಡುಕಾಟ ನಡೆದಿತ್ತು. ಕಣ ಮೊದಲು ಸಿಕ್ಕಿದ್ದು ಅವರಿಗೆ, ಸುದ್ದಿ ಮೊದಲು ಅಚ್ಚಾದದ್ದು ನಮ್ಮದು. ಅದೇ 1965ರಲ್ಲಿ, ಆಗ ನಮ್ಮ ಜಿಲ್ಲೆಯಲ್ಲೇ ಇದ್ದ ಗೌರಿಬಿದನೂರಿನಲ್ಲಿ ಭೂಕಂಪ ಅಳೆಯುವ ಉಪಕರಣಗಳ ಸಾಲೂ ಶುರುವಾಯಿತು. ಹೊರದೇಶದವರು ನೆಲದೊಳಗೆ ಅಣುಬಾಂಬ್ ಸಿಡಿಸಿದರೂ ಅದಕ್ಕೆ ಗೊತ್ತಾಗುತ್ತದೆ. ಹತ್ತು ವರ್ಷ ಕಳೆದ ಮೇಲೆ ಅಲ್ಲೇ ರೇಡಿಯೊ ದೂರದರ್ಶಕವೂ ಬಂತು. ಹಿಂದುಳಿದ ಬರದ ಜಿಲ್ಲೆ ಎಂದು ಕರೆಸಿಕೊಂಡ ನಮ್ಮದು, ಲೋಕದ ವಿಜ್ಞಾನಕ್ಕೆ ತನ್ನ ಕಲ್ಲನ್ನೂ ಕತ್ತಲನ್ನೂ ಧಾರಾಳವಾಗಿ ಕೊಟ್ಟಿದೆ.

ಆಮೇಲೆ? ಕೆಜಿಎಫ್‌ನ ಪ್ರಯೋಗಗಳು 1990ರ ದಶಕದ ಆರಂಭದಲ್ಲಿ ನಿಂತವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಪಂಪು ನಿಂತಿತು, ಸುರಂಗಗಳಿಗೆ ನೀರು ತುಂಬಿತು. ಮೂರು ಕಿಲೋಮೀಟರಿನಷ್ಟು ಆಳಕ್ಕೆ ಮನುಷ್ಯ ತೋಡಿದ ಜಾಗ, ಸಂಶೋಧನೆಗೆ ಹೇಳಿ ಮಾಡಿಸಿದಂಥದ್ದು, ಬಾವಿಯಾಗಿ ಹೋಯಿತು. ಊರಿಗೆ ಉಳಿದದ್ದು ಸೈನೈಡ್ ದಿಬ್ಬಗಳು, ಗಾಳಿ ಎದ್ದಾಗ ಕಣ್ಣಿಗೆ ಬೀಳುವ ದೂಳು, ಬೆಳಗಿನ ಜಾವ ಬೆಂಗಳೂರಿನ ರೈಲಿಗೆ ಓಡುವ ಮಕ್ಕಳು.

ಬೇರೆ ದಾರಿಯೂ ಇತ್ತು. ಜಪಾನಿನ ಕಾಮಿಯೋಕಾ ಎಂಬಲ್ಲಿ ಸತು ಮತ್ತು ಸೀಸದ ಗಣಿಯಿತ್ತು. ಅದರಿಂದ ಹರಿದ ಕ್ಯಾಡ್ಮಿಯಂ ಹೊಳೆಯ ಕೆಳಗಿನ ಊರುಗಳ ಹೆಂಗಸರ ಮೂಳೆ ತಿಂದಿತ್ತು. ಹೆಸರು ಕೆಡಲು ಅಷ್ಟು ಸಾಕು. ಅದರೊಳಗೆ ಟೋಕಿಯೊ ವಿಶ್ವವಿದ್ಯಾಲಯ 1983ರಲ್ಲಿ ಕಣಗಳ ಸಂಶೋಧನೆಗೆ ನೀರಿನ ತೊಟ್ಟಿಯೊಂದನ್ನು ಕೂರಿಸಿತು, 1996ರಲ್ಲಿ ಇನ್ನೂ ದೊಡ್ಡದನ್ನು. ಆ ಗಣಿಯಲ್ಲಿ ಅದಿರು ತೆಗೆಯುವುದು ನಿಂತದ್ದೂ 2001ರಲ್ಲೇ, ಕೆಜಿಎಫ್ ನಿಂತ ಕೆಲವೇ ತಿಂಗಳಿಗೆ. ಸಂಶೋಧನೆ ಮಾತ್ರ ನಿಲ್ಲಲಿಲ್ಲ. ಅಲ್ಲಿಂದ 2002ರಲ್ಲಿ ಒಂದು ನೊಬೆಲ್, 2015ರಲ್ಲಿ ಇನ್ನೊಂದು. ದಾರಿಯ ಬದಿಯ ತಂಗುದಾಣದಲ್ಲಿ ಊರವರಿಗೂ ಹೋಗಿಬರುವವರಿಗೂ ಆ ಕೆಲಸವನ್ನು ವಿವರಿಸುವ ಒಂದು ವಸ್ತು ಸಂಗ್ರಹಾಲಯವನ್ನೂ 2019ರಲ್ಲಿ ತೆರೆದರು. ನಮ್ಮ ಚಾಂಪಿಯನ್ ರೀಫ್‌ನಲ್ಲಿ ದುಡಿದವರ ಮೊಮ್ಮಕ್ಕಳಿಗೆ ತಮ್ಮ ತಾತ ಇಳಿಯುತ್ತಿದ್ದ ಗಣಿಯಲ್ಲೇ ನ್ಯೂಟ್ರಿನೊ ಸಿಕ್ಕಿದ್ದು ಎಂದು ಹೇಳುವವರು ಯಾರು?

ಕೆಜಿಎಫ್ ಕೈಬಿಟ್ಟ ದೇಶ, ಆಮೇಲೆ ನ್ಯೂಟ್ರಿನೊ ವೀಕ್ಷಣಾಲಯಕ್ಕೆ ಹೊಸ ಜಾಗ ಹುಡುಕುತ್ತ ತಮಿಳುನಾಡಿಗೆ ಹೋಯಿತು. ಮೊದಲು ನೀಲಗಿರಿ, ಅಲ್ಲಿ ಹುಲಿಯ ಕಾಡು ಅಡ್ಡಬಂತು. ಆಮೇಲೆ ತೇಣಿ ಜಿಲ್ಲೆಯ ಬೆಟ್ಟ. 2015ರಲ್ಲಿ ಕೇಂದ್ರ ಸಂಪುಟ ಸುಮಾರು 1,500 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟಿತು. ಸುತ್ತಲ ಹಳ್ಳಿಯವರು ಒಪ್ಪಲಿಲ್ಲ. ಬೆಟ್ಟ ಕೊರೆದರೆ ನೀರು ಹೋಗುತ್ತದೆ ಎಂದರು, ವಿಕಿರಣ ಬರುತ್ತದೆ ಎಂದರು. ಎರಡನೆಯ ಭಯಕ್ಕೆ ಭೌತಶಾಸ್ತ್ರದಲ್ಲಿ ಆಧಾರವಿಲ್ಲ; ನ್ಯೂಟ್ರಿನೊ ಈ ಕ್ಷಣವೂ ನಮ್ಮ ನಿಮ್ಮ ಮೈ ತೂರಿಕೊಂಡು ಹೋಗುತ್ತಿದೆ, ಒಂದು ಕೂದಲೂ ಕೊಂಕುವುದಿಲ್ಲ. ಆದರೆ ಜನ ಹೆದರುವುದಕ್ಕೆ ಮೊದಲು ಹೋಗಿ ಅವರ ಜಗುಲಿಯ ಮೇಲೆ ಕೂತು ಮಾತಾಡಬೇಕಿತ್ತು. ಹೆದರಿದ ಮೇಲೆ ಹೋದರೆ ಯಾವ ಸಮೀಕರಣವೂ ನಾಟುವುದಿಲ್ಲ. 2022ರಲ್ಲಿ ತಮಿಳುನಾಡು ಸರ್ಕಾರ ಈ ಯೋಜನೆಗೆ ತನ್ನ ವಿರೋಧವನ್ನು ಸುಪ್ರೀಂ ಕೋರ್ಟಿನ ಮುಂದಿಟ್ಟಿತು.

ಇನ್ನು ಆರ್ಕ್ಟಿಕ್‌ನ ಜನರ ಮಾತಿಗೆ ಬರುತ್ತೇನೆ. ಸ್ವಾಲ್ಬಾರ್ಡ್‌ನಲ್ಲಿ ಮೂಲನಿವಾಸಿಗಳಿಲ್ಲ. ಅಲಾಸ್ಕಾದಲ್ಲಿ, ಕೆನಡಾದಲ್ಲಿ, ಗ್ರೀನ್‌ಲೆಂಡಿನಲ್ಲಿ ಇದ್ದಾರೆ. ಅಲಾಸ್ಕಾದ ತುತ್ತತುದಿಯಲ್ಲಿ ಬ್ಯಾರೋ ಎಂಬ ಊರು, ಈಗ ಅದರ ಹಳೆಯ ಹೆಸರಿನಂತೆ ಉತ್ಕ್ಯಾಗ್ವಿಕ್ ಎಂದು ಕರೆಯುತ್ತಾರೆ. ಅಲ್ಲಿನ ಇನುಪಿಯಾಟ್ ಜನರು ಬೋಹೆಡ್ ಎಂಬ ತಿಮಿಂಗಿಲವನ್ನು ಬೇಟೆಯಾಡಿ ಊರೆಲ್ಲ ಹಂಚಿಕೊಂಡು ತಿನ್ನುವವರು. 1977ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ಆ ಬೇಟೆಯನ್ನು ನಿಷೇಧಿಸಿತು. ವಿಜ್ಞಾನಿಗಳು ಮಂಜಿನ ಅಂಚಿನಲ್ಲಿ ನಿಂತು, ತೆರೆದ ನೀರಿನಲ್ಲಿ ಹಾದುಹೋಗುವ ತಿಮಿಂಗಿಲಗಳನ್ನು ಕಣ್ಣಿನಿಂದ ಎಣಿಸಿದ್ದರು. ಉಳಿದಿರುವುದು ಎರಡು ಸಾವಿರಕ್ಕಿಂತ ಕಡಿಮೆ ಎಂಬುದು ಅವರ ಅಂದಾಜು.

ಬೇಟೆಗಾರರು ಹೇಳಿದ್ದು ಇಷ್ಟು. ನೀವು ಎಣಿಸಿದ್ದು ದಡದ ಹತ್ತಿರ ಹೋಗುವುದನ್ನು ಮಾತ್ರ. ಅವು ದೂರದಲ್ಲೂ ಹೋಗುತ್ತವೆ. ಮಂಜಿನ ಅಡಿಯಲ್ಲೂ ಹೋಗುತ್ತವೆ, ತಲೆಯಿಂದ ಗುಮ್ಮಿ ಮಂಜು ಒಡೆದು ಉಸಿರು ಎಳೆದುಕೊಳ್ಳುತ್ತವೆ. ಹ್ಯಾರಿ ಬ್ರೋವರ್ ಎಂಬ ಹಿರಿಯ ಬೇಟೆಗಾರ ಇದನ್ನು ಥಾಮಸ್ ಆಲ್ಬರ್ಟ್ ಎಂಬ ವಿಜ್ಞಾನಿಗೆ ಕೂರಿಸಿಕೊಂಡು ವಿವರಿಸಿದರು, ಆಲ್ಬರ್ಟ್ ಕೇಳಿಸಿಕೊಂಡರು. ಮಂಜಿನ ಕೆಳಗೆ ಧ್ವನಿಗ್ರಾಹಕಗಳನ್ನು ಇಳಿಬಿಟ್ಟು, ಕಾಣದ ತಿಮಿಂಗಿಲಗಳ ಕೂಗನ್ನು ಕೇಳಿ ಎಣಿಸುವ ವಿಧಾನ 1980ರ ದಶಕದಲ್ಲಿ ರೂಪುಗೊಂಡಿತು. ಬೇಟೆಗಾರರು ಹೇಳಿದ್ದೇ ನಿಜವಾಯಿತು. ಎಣಿಕೆ ಏರುತ್ತ ಹೋಗಿ, 2000ದ ಈಚೆಗೆ ಹತ್ತು ಸಾವಿರ ದಾಟಿತು. ಸಂಖ್ಯೆ ಬೆಳೆದದ್ದೂ ಹೌದು, ಮೊದಲಿನ ಎಣಿಕೆ ತಪ್ಪಿದ್ದೂ ಹೌದು.

ಈ ಕಥೆಯಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುವುದು ಹಣ ಎಲ್ಲಿಂದ ಬಂತು ಎಂಬುದು. ಅಲ್ಲಿನ ಜನ 1972ರಲ್ಲಿ ತಮ್ಮದೇ ಸ್ಥಳೀಯ ಸರ್ಕಾರ ಕಟ್ಟಿಕೊಂಡಿದ್ದರು. ತಮ್ಮ ನೆಲದಲ್ಲಿ ತೈಲ ತೆಗೆಯುವ ಕಂಪನಿಗಳಿಗೆ ತೆರಿಗೆ ಹಾಕಿದ್ದರು. ಆ ತೆರಿಗೆಯ ದುಡ್ಡಿನಲ್ಲಿ ವಿಜ್ಞಾನಿಗಳನ್ನು ತಾವೇ ನೇಮಿಸಿಕೊಂಡರು. ಪ್ರಶ್ನೆ ಅವರದು, ಹಣ ಅವರದು, ವಿಧಾನ ವಿಜ್ಞಾನದ್ದು. ನಮ್ಮ ಜಿಲ್ಲಾ ಪಂಚಾಯಿತಿಯೊಂದು ಇದೇ ರೀತಿ ಒಬ್ಬ ಭೂಜಲ ವಿಜ್ಞಾನಿಯನ್ನು ನೇಮಿಸಿಕೊಂಡು, 'ಮೊದಲು ನಮ್ಮ ಮಾತು ಕೇಳಿ, ಆಮೇಲೆ ಅಳೆಯಿರಿ' ಎಂದು ಹೇಳಿದ್ದನ್ನು ನಾನಂತೂ ಕೇಳಿಲ್ಲ.

ಕೆನಡಾದ ಇನುಯಿಟ್ ಜನರ ರಾಷ್ಟ್ರೀಯ ಸಂಘಟನೆ 2018ರಲ್ಲಿ ಸಂಶೋಧನೆಯ ಬಗ್ಗೆಯೇ ಒಂದು ಕಾರ್ಯನೀತಿಯನ್ನು ಪ್ರಕಟಿಸಿತು. ಅದರಲ್ಲಿನ ದೂರು ಸರಳ. ಆರ್ಕ್ಟಿಕ್ ಹೆಸರಿನಲ್ಲಿ ಬರುವ ಹಣ ದಕ್ಷಿಣದ ದೊಡ್ಡ ವಿಶ್ವವಿದ್ಯಾಲಯಗಳಿಗೆ ಹೋಗುತ್ತದೆ. ಅಲ್ಲಿಂದ ಜನ ಬೇಸಗೆಯಲ್ಲಿ ಬಂದು, ಮಾದರಿ ತೆಗೆದುಕೊಂಡು, ಹೋಗಿ ಲೇಖನ ಬರೆಯುತ್ತಾರೆ. ಹಾಗಾಗಿ ಯಾವುದನ್ನು ಸಂಶೋಧಿಸಬೇಕೆಂಬ ತೀರ್ಮಾನದಲ್ಲಿ, ಹಣ ಹಂಚುವ ಮೇಜಿನಲ್ಲಿ, ಸಿಕ್ಕ ಮಾಹಿತಿಯ ಒಡೆತನದಲ್ಲಿ ನಮಗೆ ಜಾಗ ಬೇಕು ಎಂಬುದು ಅವರ ಬೇಡಿಕೆ. ನುನಾವುಟ್ ಪ್ರದೇಶದಲ್ಲಿ ಸಂಶೋಧನೆ ಮಾಡಲು ಕಾನೂನಿನ ಪ್ರಕಾರ ಪರವಾನಗಿ ಪಡೆಯಬೇಕು. ಕೆನಡಾದ ಉತ್ತರ ಭಾಗಕ್ಕೆ ತನ್ನದೇ ಮೊದಲ ವಿಶ್ವವಿದ್ಯಾಲಯ ಬಂದದ್ದು 2020ರಲ್ಲಿ, ಯೂಕಾನ್ ಕಾಲೇಜನ್ನು ಮೇಲ್ದರ್ಜೆಗೆ ಏರಿಸಿದಾಗ.

ನಮಗೆ ಅದಕ್ಕಿಂತ ಮೂರು ವರ್ಷ ಮೊದಲೇ ಬಂತು. ಬೆಂಗಳೂರು ಉತ್ತರ ವಿಶ್ವವಿದ್ಯಾಲಯ 2017ರಿಂದ ಕೋಲಾರದ ತಮಕದಲ್ಲಿದೆ. ಅಂಥ ವಿಶ್ವವಿದ್ಯಾಲಯಗಳಿಗೆ ಸಂಶೋಧನೆಯ ಹಣ ಎಷ್ಟು ಸಿಗುತ್ತದೆಂಬುದು ಬೇರೆ ವ್ಯಥೆ. ಭಾರತ ಒಟ್ಟು ಉತ್ಪನ್ನದಲ್ಲಿ ಸಂಶೋಧನೆಗೆ ಖರ್ಚು ಮಾಡುವುದೇ ಶೇಕಡ 0.64ರಷ್ಟು. ಅದರಲ್ಲಿ ದೊಡ್ಡ ಪಾಲು ಕೇಂದ್ರದ ಇಲಾಖೆಗಳ ಪ್ರಯೋಗಾಲಯಗಳಿಗೆ ಹೋಗುತ್ತದೆ. ದೇಶದ ಬಹುಪಾಲು ವಿದ್ಯಾರ್ಥಿಗಳು ಓದುವುದು ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಮತ್ತು ಅವುಗಳ ಕಾಲೇಜುಗಳಲ್ಲಿ. 2023ರ ಕಾಯಿದೆಯಿಂದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಹುಟ್ಟಿದೆ. ಐದು ವರ್ಷಕ್ಕೆ 50,000 ಕೋಟಿ ರೂಪಾಯಿ ಎಂಬ ಮಾತಿದೆ, ಬಹುಪಾಲು ಖಾಸಗಿಯವರಿಂದ ಬರಬೇಕಂತೆ. ಬಂದಾಗ ನೋಡೋಣ. ದೊಡ್ಡ ಸಂಸ್ಥೆಯೊಂದರ ಜೊತೆ ರಾಜ್ಯ ವಿಶ್ವವಿದ್ಯಾಲಯಗಳನ್ನು ಜೋಡಿಸಿ ಹಣ ಕೊಡುವ ಯೋಜನೆಯೂ ಅದರಲ್ಲಿದೆ. ಹಳ್ಳಿಗಳ ವಿಷಯಕ್ಕೆ ಬಂದರೆ, 2014ರಿಂದ ಉನ್ನತ ಭಾರತ ಅಭಿಯಾನ ಎಂಬುದೊಂದು ನಡೆದಿದೆ, ಒಂದೊಂದು ಕಾಲೇಜು ಐದೈದು ಹಳ್ಳಿಗಳನ್ನು ದತ್ತು ತೆಗೆದುಕೊಳ್ಳುತ್ತದೆ. ಒಳ್ಳೆಯ ಉದ್ದೇಶವೇ. ಆದರೆ ದತ್ತು ಕೊಡುವವರನ್ನು ಯಾರೂ ಕೇಳಿದಂತಿಲ್ಲ.

ಪಾಲು ಎಂಬ ಮಾತು ನಮ್ಮಲ್ಲಿ ಏಕೆ ಬರಬೇಕು ಎಂಬುದನ್ನು ನೀರು ಹೇಳುತ್ತದೆ. ಸುಗಟೂರಿನ ತಮ್ಮೇಗೌಡನೆಂಬ ಪಾಳೆಯಗಾರ ಹದಿನಾರನೆಯ ಶತಮಾನದ ಕೊನೆಯಲ್ಲಿ ಹೊಸಕೋಟೆಯನ್ನು ಕಟ್ಟಿದನೆಂದು ಗೆಜೆಟಿಯರ್ ಹೇಳುತ್ತದೆ. ಅಲ್ಲಿನ ದೊಡ್ಡ ಕೆರೆಯೂ ಆ ಮನೆತನದ ಹೆಸರಿಗೇ ಇದೆ. ಹೀಗೆ ಕೆರೆ ಕಟ್ಟುವ ವಿದ್ಯೆ ಒಂದು ಕಾಲಕ್ಕೆ ಇಲ್ಲಿಂದ ಬೆಂಗಳೂರಿನ ದಿಕ್ಕಿಗೆ ಹೋಯಿತು. ಈಗ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧವಾಗಿ ಇತ್ತ ಬರುತ್ತಿದೆ. ಅದೇ ಕೆ.ಸಿ. ವ್ಯಾಲಿ ಯೋಜನೆ. ದಿನಕ್ಕೆ 44 ಕೋಟಿ ಲೀಟರ್ ನೀರು, ಕೋಲಾರ ಜಿಲ್ಲೆಯ 126 ಕೆರೆಗಳಿಗೆ ಎಂಬುದು ಲೆಕ್ಕ. 2018ರ ಜೂನಿನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಿತ್ತು. ಜುಲೈಯಲ್ಲಿ ನೊರೆ ಕಾಣಿಸಿಕೊಂಡಿತು. ಶಾಶ್ವತ ನೀರಾವರಿ ಹೋರಾಟದವರು ಕೋರ್ಟಿಗೆ ಹೋದರು. ಹೈಕೋರ್ಟು ನಿಲ್ಲಿಸಿತು, ಬಿಟ್ಟಿತು. 2019ರಲ್ಲಿ ಸುಪ್ರೀಂ ಕೋರ್ಟೂ ನಿಲ್ಲಿಸಿತು, ಬಿಟ್ಟಿತು. ಭಾರತೀಯ ವಿಜ್ಞಾನ ಸಂಸ್ಥೆಯವರು ಅಧ್ಯಯನ ಮಾಡಿ ಅಂತರ್ಜಲ ಏರಿದೆ ಎಂದರು. ಏರಿರುವುದು ರೈತನ ಕಣ್ಣಿಗೂ ಕಾಣುತ್ತದೆ. ಸಾವಿರ ಅಡಿ ಕೊರೆದರೂ ಬರೀ ದೂಳು ಎದ್ದ ಕಡೆ ಇವತ್ತು ಮೋಟಾರು ನೀರೆತ್ತುತ್ತಿದೆ. ಅದರ ಜೊತೆಗೇ ಮೂರನೆಯ ಹಂತದ ಶುದ್ಧೀಕರಣ ಬೇಕೆಂಬ ಕೂಗೂ ನಿಂತಿಲ್ಲ. ಟೊಮೆಟೊ ಬೆಳೆಯುವ ಮಣ್ಣಿಗೆ, ರೇಷ್ಮೆ ಹುಳು ತಿನ್ನುವ ಸೊಪ್ಪಿಗೆ, ಹಸು ಕುಡಿಯುವ ತೊಟ್ಟಿಗೆ ಏನಾಗುತ್ತಿದೆ ಎಂದು ಜನ ಕೇಳುತ್ತಿದ್ದಾರೆ. ನೀರು ಎಷ್ಟು ಬಂತು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಷ್ಟು ಸಲೀಸಾಗಿ ಈ ಪ್ರಶ್ನೆಗೆ ಉತ್ತರ ಸಿಗುತ್ತಿಲ್ಲ. ಏಕೆಂದರೆ ಮೊದಲನೆಯದು ಇಲಾಖೆಯ ಪ್ರಶ್ನೆ, ಎರಡನೆಯದು ಊರಿನದು.

ನಮ್ಮಲ್ಲಿ ಹ್ಯಾರಿ ಬ್ರೋವರ್‌ಗಳು ಇಲ್ಲವೇ? ನೀರುಗಂಟಿ ಇದ್ದಾನೆ. ತೂಬು ಎಷ್ಟು ಎತ್ತಿದರೆ ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ಹೋಗುತ್ತದೆ, ಯಾವ ಕೋಡಿ ಹರಿದರೆ ಮುಂದಿನ ಯಾವ ಕೆರೆ ಎಷ್ಟು ದಿನಕ್ಕೆ ತುಂಬುತ್ತದೆ, ಏರಿಯ ಯಾವ ಕಡೆ ಒಸರುತ್ತದೆ, ಇದೆಲ್ಲ ಅವನ ಮನೆತನದ ತಲೆಯಲ್ಲಿತ್ತು. ಅದಕ್ಕೆ ಸುಗ್ಗಿಯಲ್ಲಿ ಕಣದಿಂದ ಇಷ್ಟು ಕಾಳು ಎಂದು ಊರು ಅಳೆಯುತ್ತಿತ್ತು. ಬಹಳ ಕಡೆ ಅವರು ದಲಿತರು. ಅವರ ತಿಳಿವಳಿಕೆಯನ್ನು ತಿಳಿವಳಿಕೆ ಎಂದು ಎಣಿಸದಿರಲು ಅದೂ ಒಂದು ಕಾರಣ ಎಂದು ನಾನು ಬಿಚ್ಚಿ ಹೇಳಲೇಬೇಕು. ಇವತ್ತು ಪಂಚಾಯಿತಿಯಲ್ಲಿ ನೀರುಗಂಟಿ ಎಂದರೆ ಕುಡಿಯುವ ನೀರಿನ ವಾಲ್ವ್ ತಿರುಗಿಸುವವನು. ಕೆರೆಗಳಿಗೆ ಇಪ್ಪತ್ತು ವರ್ಷ ನೀರೇ ಬರದಿದ್ದಾಗ ಆ ವಿದ್ಯೆ ಮಗನಿಗೆ ದಾಟಲಿಲ್ಲ. ಈಗ ನೀರು ಬಂದಿದೆ, ಗೊತ್ತಿದ್ದ ಮುದುಕರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಇದನ್ನು ಬರೆದಿಟ್ಟುಕೊಳ್ಳಲು ಹಿಮಾದ್ರಿಯಷ್ಟು ದುಡ್ಡು ಬೇಕಿಲ್ಲ. ತಮಕದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಒಂದೊಂದು ಹೋಬಳಿಗೆ ಇಬ್ಬರಂತೆ, ಒಂದು ರೆಕಾರ್ಡರ್, ಬಸ್ ಚಾರ್ಜು, ಹೇಳುವ ಹಿರಿಯನಿಗೆ ದಿನದ ಸಂಭಾವನೆ. ಕೊನೆಯದನ್ನು ಬಿಡುವಂತಿಲ್ಲ. ತಜ್ಞನನ್ನು ಬೆಂಗಳೂರಿನಿಂದ ಕರೆಸಿದರೆ ಕೊಡುತ್ತೇವೆ, ಇವನಿಗೆ ಟೀ ಕುಡಿಸಿ ಕಳಿಸುವುದು ನ್ಯಾಯವಲ್ಲ.

ಇನ್ನು ನಿಮ್ಮ ಕೆಲಸ. ನಿಮ್ಮೂರ ಕೆರೆಯ ನೀರನ್ನೋ, ಕೊಳವೆಬಾವಿಯ ನೀರನ್ನೋ, ಮಕ್ಕಳ ಹಲ್ಲಿನ ಫ್ಲೋರೈಡ್ ಕಲೆಯನ್ನೋ ನೋಡಲು ಬಾಟಲಿ, ಕ್ಯಾಮೆರಾ ಹಿಡಿದು ಯಾರಾದರೂ ಬಂದೇ ಬರುತ್ತಾರೆ. ಬರಲಿ, ನೀರು ಮಜ್ಜಿಗೆ ಕೊಡಿ. ಯಾವ ಸಂಸ್ಥೆ, ಯಾರ ಹಣ ಎಂದು ಕೇಳಿ. ಫಲಿತಾಂಶವನ್ನು ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಯಾವಾಗ ಬರೆಯುತ್ತೀರಿ ಎಂದು ಕೇಳಿ. ನಮ್ಮ ಗಡಿಯ ಹಳ್ಳಿಗಳಲ್ಲಿ ತೆಲುಗಿನಲ್ಲೂ ಬೇಕು ಎನ್ನಿ. ಉತ್ತರವನ್ನು ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ, ಬಂದವರ ಸಹಿ ಹಾಕಿಸಿಕೊಳ್ಳಿ. ಮುಂದಿನ ವರ್ಷ ಅವರು ಮತ್ತೆ ಬಂದಾಗ, ಬಾಟಲಿ ತುಂಬಿಕೊಳ್ಳುವ ಮೊದಲು, ಆ ಪುಟ ತೆಗೆದು ತೋರಿಸಿ.